ಅಮಾಸಿ ಮರುದಿನ

ರಾಣೆಬೆನ್ನೂರಿನ ಮಂಗಳವ್ವನ ಮನೆಯಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸಪ್ಪಳದಿಂದ. ಅರವತ್ತರ ಹತ್ತಿರ ಬಂದರೂ ಅವಳ ಅಂಗೈ ತಾಳ ತಪ್ಪುವುದಿಲ್ಲ. ಹಿಟ್ಟು ನಾದುವ ಮೊದಲು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜುತ್ತಾಳೆ. ಜೋಳ ಹೊಸದೋ ಹಳೆಯದೋ ತಿಳಿದ ಮೇಲೆಯೇ ಬಿಸಿನೀರು ಹಾಕುತ್ತಾಳೆ. ಬೆಂದ ರೊಟ್ಟಿಗಳನ್ನು ಸಣ್ಣ ಉರಿಯಲ್ಲಿ ಖಡಕ್ ಮಾಡಿ ಹಾವೇರಿಯ ಎರಡು ಖಾನಾವಳಿಗೆ ಮತ್ತು ಬ್ಯಾಡಗಿಯ ಚಮನಬಿಗೆ ಬುಟ್ಟಿ ಕಟ್ಟುತ್ತಾಳೆ. ಪ್ರತಿ ಕಟ್ಟಿನಲ್ಲೂ ಒಂದು ರೊಟ್ಟಿ ಹೆಚ್ಚು. ಯಾಕೆಂದು ಕೇಳಿದರೆ, "ದಾರ್ಯಾಗ ಒಂದ್ ಮುರದ್ರ ಉಣ್ಣಾವ್ರಿಗೆ ಕಡಿಮಿ ಆಗಬಾರದು" ಅನ್ನುತ್ತಾಳೆ.

ಅವಳ ಇನ್ನೊಂದು ಪದ್ಧತಿಯೆಂದರೆ, ಕೊಡಬೇಕಾದವರನ್ನು ಬಾಯಿಬಿಟ್ಟು ಕೇಳದಿರುವುದು. ಕೇಳುವ ಪ್ರಸಂಗವೂ ಬಂದಿರಲಿಲ್ಲ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಪಕ್ಕದಲ್ಲಿ ಚಮನಬಿಯದು ಸಣ್ಣ ಊಟದ ಮನೆ. ಅಲ್ಲಿ ಉಣ್ಣುವ ಹಮಾಲರು ಅಮಾವಾಸ್ಯೆಗೊಮ್ಮೆ ಅವಳ ಲೆಕ್ಕ ಮುಗಿಸುತ್ತಾರೆ. ಮರುದಿನ ಅವಳು ಮಂಗಳವ್ವನದನ್ನು ಮುಗಿಸುತ್ತಾಳೆ. ರೊಟ್ಟಿ ಒಯ್ಯುವ ಟಂಟಂ ಗಾಡಿಯ ಖಲಂದರ ಆ ಸಂಜೆ ತರುವ ಖಾಲಿ ಬುಟ್ಟಿಯಲ್ಲಿ ದುಡ್ಡಿನ ಗಂಟಿನ ಜೊತೆ ಚಮನಬಿ ಸ್ವತಃ ಕುಟ್ಟಿದ ಖಾರಪುಡಿಯ ಪೊಟ್ಟಣವೂ ಇರುತ್ತದೆ. ಇಪ್ಪತ್ತು ವರ್ಷದಿಂದ ಮಂಗಳವ್ವನ ಮನೆಯ ಸಾರು ಆ ಪೊಟ್ಟಣದಿಂದಲೇ ಕೆಂಪಗಾಗಿದೆ.

ನಡುವೆ ಬ್ಯಾಂಕಿನವರು ಅವಳಿಗೊಂದು ಕ್ರೆಡಿಟ್ ಕಾರ್ಡು ಕೊಟ್ಟರು. ಜೋಳ, ಗ್ಯಾಸು ಎಲ್ಲ ಅದರಲ್ಲೇ. ಬಿಲ್ಲು ಕಟ್ಟಲು ಪ್ರತಿ ತಿಂಗಳ ಹದಿನೆಂಟನೇ ತಾರೀಖು ಕೊನೆಯ ದಿನ. ಆ ವರ್ಷ ಅಮಾವಾಸ್ಯೆ ಹದಿನೈದರ ಆಸುಪಾಸಿಗೆ ಬರುತ್ತಿದ್ದರಿಂದ, ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಿಂದ ಹೋಗುತ್ತಿತ್ತು. ಆದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಪೂರಾ ಮೂವತ್ತು ದಿನ ಇರುವುದಿಲ್ಲ. ವರ್ಷ ಕಳೆದಂತೆ ಅದು ಹಿಂದಕ್ಕೆ ಜಾರುತ್ತ, ಒಂದನೇ ತಾರೀಖನ್ನೂ ದಾಟಿ ಹಿಂದಿನ ತಿಂಗಳ ಕೊನೆಗೆ ಹೋಗಿ, ಎರಡು ವರ್ಷಕ್ಕೆ ಇಪ್ಪತ್ತೊಂದಕ್ಕೆ ಬಂದು ನಿಂತಿತು. ಈಗ ಬ್ಯಾಂಕಿನ ಹದಿನೆಂಟು ಮೊದಲು, ಚಮನಬಿಯ ಗಂಟು ಆಮೇಲೆ. ಹಿಂದಿನ ಅಮಾವಾಸ್ಯೆಯ ದುಡ್ಡು ಅಷ್ಟರಲ್ಲಿ ಮನೆಯ ಖರ್ಚಿಗೆ ಕರಗಿರುತ್ತಿತ್ತು.

ಹಾಗಾಗಿ ಹದಿನೇಳರಂದು ಮಂಗಳವ್ವ ಫೋನು ಎತ್ತಿ, "ಚಮನಾ, ಈ ಸಲ ಒಂದೀಟು ಮೊದಲ ಕಳಸು" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಮರುದಿನ ದುಡ್ಡು ಬಂತು. ಪೊಟ್ಟಣ ಬರಲಿಲ್ಲ. ಅವಳು ಬುಟ್ಟಿಯನ್ನು ಬೋರಲು ಹಾಕಿ ನೋಡಿದಳು.

"ಖಲಂದರ, ಮತ್ತೇನೂ ಕೊಡಲಿಲ್ಲೇನು?"

"ಇಲ್ಲ ಯವ್ವಾ. ಮಾತೂ ಆಡಲಿಲ್ಲ."

ಬಿಲ್ಲು ಕಟ್ಟಿಯಾಯಿತು. ಆದರೆ ಇಂಥ ಫೋನನ್ನು ಇನ್ನೊಮ್ಮೆ ಮಾಡಿದರೆ ಚಮನಬಿ ಕೈಬಿಟ್ಟು ಹೋಗುತ್ತಾಳೆಂದು ಮಂಗಳವ್ವನಿಗೆ ಅನಿಸಿತು. ಮರುದಿನ ರೊಟ್ಟಿ ಕೆಲಸ ಮುಗಿಸಿ, ಇಸ್ತ್ರಿಯ ಸೀರೆಯುಟ್ಟು ಬ್ಯಾಂಕಿಗೆ ಹೋದಳು. ಕಾರ್ಡಿನ ಕೆಲಸ ನೋಡುವ ದುರ್ಗೇಶ ಕುರ್ಚಿ ತೋರಿಸಿದ.

"ತಾರೀಖು ಬದಲಿ ಮಾಡಬಹುದ್ರಿ ಅವ್ವಾರ. ಹಿಂದಿನ ಬಾಕಿ ಇಲ್ಲಲ್ರಿ, ಲಗೂನ ಆಗ್ತೈತಿ. ಎಷ್ಟಕ್ಕ ಮಾಡಲ್ರಿ?"

"ಅಮಾಸಿ ಮರುದಿನಕ್ಕ ಮಾಡಪಾ."

ದುರ್ಗೇಶನಿಗೆ ನಗು ತಡೆಯಲಾಗಲಿಲ್ಲ. "ಬ್ಯಾಂಕಿನ್ಯಾಗ ಅಮಾಸಿ ಇಲ್ರಿ."

"ಇಲ್ಲಾಂದ್ರ ನಿನ್ನ ಬೆನ್ನ ಹಿಂದ ಏನೈತಿ?"

ಅವನು ತಿರುಗಿ ನೋಡಿದ. ಬ್ಯಾಂಕೇ ಅಚ್ಚು ಹಾಕಿಸಿ ಹಂಚಿದ ಕ್ಯಾಲೆಂಡರು. ಇಪ್ಪತ್ತೊಂದರ ಮೂಲೆಯಲ್ಲಿ ದುಂಡನೆಯ ಕಪ್ಪು ಚುಕ್ಕೆ. ಪಕ್ಕದ ಮೇಜಿನವಳು, "ಸಿಕ್ಕಿಬಿದ್ರಿ ದುರ್ಗೇಶ್!" ಅಂದಳು.

ಪಾಪ, ಹುಡುಗ ಒಳ್ಳೆಯವನು. ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ, ತಿಂಗಳು ತಿಂಗಳಿಗೆ ಚುಕ್ಕೆ ಹುಡುಕಿದ. "ಯಂತ್ರಕ್ಕ ಅಮಾಸಿ ತಿಳಿಯಂಗಿಲ್ರಿ, ಅದಕ್ಕ ಒಂದ ತಾರೀಖ ಬೇಕು. ಇಪ್ಪತ್ತೈದಕ್ಕ ಮಾಡೋಣ್ರಿ. ಎರಡ ವರ್ಷ ಚಿಂತಿಲ್ಲ. ಆಮ್ಯಾಲ ಚುಕ್ಕಿ ಮತ್ತ ಸರದು ಬಂದ್ರ ನೋಡೋಣು. ಮುಂದಿನ ಬಿಲ್ಲಿನಿಂದ ಹೊಸಾ ತಾರೀಖ್ರಿ."

"ಎರಡ ವರ್ಷಕ್ಕ ನೀ ಇಲ್ಲೇ ಇರ್ತೀಯೋ ಇಲ್ಲೋ?"

"ನಾ ಇಲ್ಲದಿದ್ರೂ ಕ್ಯಾಲೆಂಡರ್ ಇರ್ತೈತ್ರಿ."

ತಾರೀಖೇನೋ ಸರಿಯಿತು. ಆದರೆ ಫೋನಿನಲ್ಲಿ ಆಡಿದ ಮಾತು ಬ್ಯಾಡಗಿಯಲ್ಲೇ ಕೂತಿತ್ತು. ಮಂಗಳವ್ವ ಮನೆಗೆ ಹೋಗದೆ ನೆಟ್ಟಗೆ ಬಸ್ ಹತ್ತಿದಳು.

ಊಟದ ಹೊತ್ತು ಮುಗಿದು ಚಮನಬಿ ತಾಟು ಒರೆಸುತ್ತಿದ್ದಳು. ಬೇರೆ ದಿನವಾಗಿದ್ದರೆ, "ಬಂದ್ಳು ನೋಡ್ರಿ ರೊಟ್ಟಿ ರಾಣಿ!" ಎಂದು ಪೇಟೆಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಈಗ ತಲೆ ಎತ್ತದೆ, "ಬರ್ರಿ, ಕುಂದ್ರಿ. ಊಟ ಮಾಡ್ತೀರೇನ್ರಿ?" ಎಂದಳು.

"ಯಾರಿಗೆ ಹಚ್ಚೀದಿ ಬರ್ರಿ-ಕುಂದ್ರಿ? ಸಿಟ್ಟ ಆಗೀಯೇನು?"

"ನಾ ಯಾಕ ಸಿಟ್ಟ ಆಗಲಿ? ಬಾಕಿ ಇಟ್ಟಾಕಿ ನಾನು, ಕೇಳಿದಾಕಿ ನೀನು."

ಮಂಗಳವ್ವ ಅವಳ ಕೈಯಿಂದ ತಾಟು ಕಸಿದಿಟ್ಟು, ಕಾರ್ಡು, ಹದಿನೆಂಟು, ಜಾರಿದ ಅಮಾವಾಸ್ಯೆ, ಗೋಡೆಯ ಚುಕ್ಕೆ ಎಲ್ಲ ಹೇಳಿದಳು. ಚಮನಬಿ ಕೇಳುತ್ತ ಕೇಳುತ್ತ ಕೂತೇಬಿಟ್ಟಳು.

"ಹಂಗಾದ್ರ ನನ್ನ ಮ್ಯಾಲಿನ ನಂಬಿಗಿ ಹೋಗಿ ಕೇಳಿದ್ದಲ್ಲ?"

"ನಂಬಿಗಿ ಹೋಗಿದ್ರ ಕಟ್ಟಿಗೆ ಒಂದ ರೊಟ್ಟಿ ಹೆಚ್ಚ ಯಾಕ ಇಡತಿದ್ದೆ? ಎಣಿಸಿ ನೋಡಲಿಲ್ಲೇನು?"

"ಎಣಿಸೀನಿ. ಅದಕ್ಕ ಇನ್ನೂ ಸಂಕಟ ಆತು ನನಗ." ಚಮನಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇದನ್ನ ಫೋನಿನ್ಯಾಗ ಹೇಳಾಕ ಏನಾಗಿತ್ತು ನಿನಗ?"

"ಕೇಳಿ ರೂಢಿ ಇಲ್ಲವಾ. ಬಾಯಿ ಒಣಗಿ ಹೋಗಿತ್ತು."

ಚಮನಬಿ ಒಮ್ಮೆಲೆ ನಕ್ಕಳು. ಹೊರಗೆ ಚೀಲದ ಮೇಲೆ ಮಲಗಿದ್ದ ಹಮಾಲ ಆ ನಗುವಿಗೆ ಎದ್ದು ಕೂತ. ಅವಳು ಅಂದಳು: "ಬ್ಯಾಂಕಿನ ತಾರೀಖ ಸರಸಾಕ ಇಸ್ತ್ರಿ ಸೀರಿ ಉಟ್ಕೊಂಡು ಹೋಗೀದಿ. ನನ್ನ ತಾರೀಖ ಸರಸಾಕ ಒಂದ ಮಾತ ಸಾಕಿತ್ತಲ್ಲಬೇ! ಏಳು, ಉಣ್ಣು ಮೊದಲ."

ಮಂಗಳವ್ವ ತಾನೇ ಬಡಿದ ರೊಟ್ಟಿಯನ್ನು ಚಮನಬಿಯ ಬದನೆಕಾಯಿ ಪಲ್ಯದ ಜೊತೆ ಉಂಡಳು.

ಮುಂದಿನ ತಿಂಗಳ ಅಮಾವಾಸ್ಯೆಯ ಮರುದಿನ ಖಲಂದರ ಬುಟ್ಟಿ ಇಳಿಸಿದ. ಗಂಟಿನ ಪಕ್ಕ ಎರಡು ಪೊಟ್ಟಣ; ಮನೆಯೆಲ್ಲ ಖಾರದ ಘಾಟು.

"ಎರಡ್ಯಾಕೋ ಈ ಸಲ?"

"ನಾನೂ ಕೇಳಿದ್ನೆವಾ," ಅಂದ ಖಲಂದರ ಸೀನುತ್ತ. "ಒಂದು ಹೋದ ತಿಂಗಳದ ಬಾಕಿ ಅಂತ."