ತಿಳವಳ್ಳಿ ಕಿಟಕಿಯ ಎದೆ ಫೋಟೋ

ಹಾನಗಲ್ಲಿಗೆ ಎಕ್ಸರೇ ಮಶೀನು ಬಂದದ್ದು ಎಪ್ಪತ್ನಾಲ್ಕರಲ್ಲಿ, ಶ್ರೀಪಾದ ಡಾಕ್ಟರರ ದವಾಖಾನೆಗೆ. ಅದನ್ನು ನಡೆಸುವ ಮೈಲಾರಪ್ಪ ಅದಕ್ಕೂ ಮೊದಲು ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಹುಬ್ಬಳ್ಳಿಯಲ್ಲಿ ಹದಿನೈದು ದಿನ ಕಲಿತು ಬಂದವನೇ ಬಿಳಿ ಕೋಟು ಹಾಕಿಕೊಂಡು, ತಾಲೂಕಿನ ಎಲುಬೆಲ್ಲ ಕಂಡವನ ಠೀವಿಯಲ್ಲಿ ಬಜಾರದಲ್ಲಿ ಓಡಾಡತೊಡಗಿದ. ಎದುರಿಗೆ ಬಂದವರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

ಎಪ್ಪತ್ತಾರರಲ್ಲಿ ಒಂದೇ ದಿನ ಕೆಮ್ಮುವ ಹೆಂಗಸರಿಬ್ಬರು ಬಂದರು. ಒಬ್ಬಳು ತಿಳವಳ್ಳಿಯ ರೈತ ಹನುಮಂತಪ್ಪನ ಹೆಂಡತಿ ಸಾವಂತ್ರವ್ವ. ಇನ್ನೊಬ್ಬರು ಊರೊಳಗಿನ ಆಚಾರ್ಯರ ಮನೆಯ ಗೋಪಿಕಾಬಾಯಿ. ಕೊರಳಿನದು ತೆಗೆದಿಡಿ ಎಂದರೆ ಇಬ್ಬರೂ ಒಪ್ಪಲಿಲ್ಲ.

"ಮಣ್ಣಿಗೂ ನನ್ನ ಜೋಡಿನ ಬರೋದ್ರಿ ಇದು" ಎಂದು ಸಾವಂತ್ರವ್ವ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದಳು.

"ನಮ್ಮನಿಯವರು ಗಟ್ಟಿಮುಟ್ಟ ಇದ್ದಾರ, ತಾಳಿ ಯಾಕ ತೆಗೀಲೋ?" ಎಂದರು ಗೋಪಿಕಾಬಾಯಿ.

ಫಿಲಂ ಒಣಗಿದ ಮೇಲೆ ಹೆಸರು ಬರೆಯುವುದು ಮೈಲಾರಪ್ಪನ ಪದ್ಧತಿ. ಬರೆದು ಕೊಟ್ಟ. ಡಾಕ್ಟರರು ಬೆಳಕಿಗೆ ಹಿಡಿದು, "ಎದಿ ಫೋಟೋ ತೆಗಿ ಅಂದ್ರ ಬೆಳ್ಳಿ-ಬಂಗಾರದ ಪತ್ತಾರನ ಅಂಗಡಿ ತೆಗದೀಯಲ್ಲೋ" ಎಂದು ಬೈದು, ಪುಪ್ಪುಸ ಮಾತ್ರ ನೋಡಿದರು. ಗೋಪಿಕಾಬಾಯಿಗೆ ಕ್ಷಯ, ತೊಂಬತ್ತು ಸೂಜಿ. ಸಾವಂತ್ರವ್ವನ ಎದೆ ಸ್ವಚ್ಛ, ಒಂದು ಬಾಟ್ಲಿ ಕೆಮ್ಮಿನ ಔಷಧ.

ಗೋಪಿಕಾಬಾಯಿ ಸೂಜಿ ಮುಗಿಸಿ ದುಂಡಗಾದರು. ಎಲುಬಿನ ಪಟ ಮನೆಯಲ್ಲಿರಬಾರದೆಂದು ಫಿಲಮನ್ನು ದವಾಖಾನೆಯಲ್ಲೇ ಬಿಟ್ಟರು. ಸಾವಂತ್ರವ್ವ ಎರಡು ವರ್ಷ ಸೊರಗಿ, ರಕ್ತ ಕಾರಿ ಸತ್ತಳು. ಎದೆರೋಗ ಇಲ್ಲವೆಂದು ಮಶೀನೇ ಹೇಳಿದ ಮೇಲೆ ಉಳಿದದ್ದು ಗಾಳಿ ಒಂದೇ. ದೆವ್ವ ಬಡಿದು ಸತ್ತಳೆಂದು ಊರು ತೀರ್ಮಾನಿಸಿತು. ಅವಳದು ಬೇರೆ ಫೋಟೋ ಇರಲಿಲ್ಲ. ಹನುಮಂತಪ್ಪ ಆ ಫಿಲಮನ್ನೇ ಪಡಸಾಲೆಯ ಕಿಟಕಿಗೆ ಹಚ್ಚಿ, ದಿನಾ ಅದರ ನೆತ್ತಿಗೆ ವಿಭೂತಿ ಇಡುತ್ತಿದ್ದ. ಬಿಸಿಲು ಬಿದ್ದರೆ ಪಕ್ಕೆಲುಬುಗಳು ಎದುರಿನ ಗೋಡೆಯ ಮೇಲೆ ಮೆಲ್ಲಗೆ ಸರಿಯುತ್ತಿದ್ದವು.

ಎಂಬತ್ತರ ಸಂಕ್ರಮಣದ ಹೊತ್ತಿಗೆ ಮಗಳು ಶೇಖವ್ವ ಕೆಮ್ಮತೊಡಗಿದಳು. ಸಂತೆಯಲ್ಲಿ ಸಿಕ್ಕ ಹನುಮಂತಪ್ಪನಿಗೆ ಮೈಲಾರಪ್ಪ, "ಕರಕೊಂಡು ಬರ್ರಿ, ಒಂದು ಫೋಟೋ ತೆಗಿಯೂಣು" ಎಂದ.

"ಅವರವ್ವಗ ಏನೂ ಇಲ್ಲಂತ ನಿಮ್ಮ ಮಶೀನ ಹೇಳೈತಿ. ಅವ್ವಗ ಇರಲಾರದ್ದು ಮಗಳಿಗೆ ಹೆಂಗ ಬರತೈತ್ರಿ? ಸತ್ತ ಅಕಿನ ದೆವ್ವಾಗಿ ಬಂದು ಕಾಡಾಕತ್ತಾಳ. ತಾಯತ ಕಟ್ಟಿಸೇನಿ."

ಮಶೀನು ಸುಳ್ಳು ಹೇಳುವುದಿಲ್ಲವೆಂದು ಊರಿಗೆಲ್ಲ ಹೇಳಿದವನು ಮೈಲಾರಪ್ಪನೇ.

ಫೆಬ್ರುವರಿಯಲ್ಲಿ ದೊಡ್ಡ ಗ್ರಹಣ ಬಂತು. ಡಾಕ್ಟರರು ಬಾಗಿಲು ಹಾಕಿ ಜಪಕ್ಕೆ ಕೂತರು. ಹಳೇ ಫಿಲಮಿನಲ್ಲಿ ಸೂರ್ಯನನ್ನು ನೋಡಬಹುದೆಂದು ಕೇಳಿದ್ದ ಮೈಲಾರಪ್ಪ ಕಪಾಟಿಗೆ ಕೈ ಹಾಕಿ ಸಿಕ್ಕಿದ್ದೊಂದನ್ನು ಎಳೆದ. ಗೋಪಿಕಾಬಾಯಿ ಎಂದು ಅವನದೇ ಅಕ್ಷರ. ಹಿತ್ತಲಿಗೆ ಹೋಗಿ ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಹಿಡಿದ. ಪುಪ್ಪುಸದ ಕಪ್ಪಿನಲ್ಲಿ ಸೂರ್ಯ ಸಣ್ಣ ಕುಡುಗೋಲಾಗಿ ಕಂಡ. ಕೈ ತುಸು ಸರಿಯಿತು. ಎದೆಯ ನಡುವೆ ಮೊಟ್ಟೆಯಾಕಾರದ ಬಿಳಿ ಜಾಗದಿಂದ ಬಿಸಿಲು ನೇರ ಬಂದು ಕಣ್ಣಿಗೆ ಚುಚ್ಚಿತು.

ಕರಡಿಗೆ. ಆಚಾರ್ಯರ ಮನೆಯ ಹೆಣ್ಣುಮಗಳ ಎದೆಯ ಮೇಲೆ ಲಿಂಗದ ಕರಡಿಗೆ.

ಕತ್ತಲಾಯಿತು, ಹಕ್ಕಿಗಳು ಗೂಡಿಗೆ ಹೋದವು. ಅವನು ಫಿಲಂ ಹಿಡಿದು ನಿಂತೇ ಇದ್ದ.

ಸೂರ್ಯ ಮರಳಿ ಬಂದ. ಕಣ್ಣೊಳಗಿನ ಮೊಟ್ಟೆ ಹೋಗಲಿಲ್ಲ. ರೊಟ್ಟಿಯ ಮೇಲೆ, ಹೆಂಡತಿಯ ಮುಖದ ಮೇಲೆ, ಎತ್ತ ನೋಡಿದರೂ ಒಂದು ಬೂದು ಕಲೆ ಮುಂದೆ ಬಂದು ಕೂರುತ್ತಿತ್ತು. ನೌಕರಿ ಹೋಗುವ ಅಂಜಿಕೆಯಿಂದ ಎಂಟು ದಿನ ಬಾಯಿ ಬಿಡಲಿಲ್ಲ. ಒಂಬತ್ತನೆಯ ದಿನ ಗೋಪಿಕಾಬಾಯಿ ಡಬ್ಬಿ ತುಂಬ ಉಂಡಿ ಹಿಡಿದು ಬಂದರು. "ನಿನ್ನ ಮಶೀನು ಇರಲಿಲ್ಲಂದ್ರ ನಾ ಎಲ್ಲಿ ಇರತಿದ್ನೋ ಮೈಲಾರಪ್ಪಾ!"

ಉಂಡಿ ಬಾಯಿಗೆ ಹೋಗಲಿಲ್ಲ. ಮುಂದಿನ ಬಸ್ಸಿಗೆ ತಿಳವಳ್ಳಿ ಮುಟ್ಟಿದ.

ಒಳಗೆ ಶೇಖವ್ವ ಕೆಮ್ಮುತ್ತಿದ್ದಳು. ಮೈಲಾರಪ್ಪ ಕಿಟಕಿಯ ಮುಂದೆ ನಿಂತು ಕೇಳಿದ. "ಗೌಡ್ರ, ಸಾವಂತ್ರವ್ವ ಲಿಂಗ ಎಂದಾದ್ರೂ ತೆಗೆದಿದ್ಲೇನ್ರಿ?"

"ಎಂದೂ ಇಲ್ಲ. ನಿಮಗ ಗೊತ್ತಿಲ್ಲೇನು?"

"ಮತ್ತ ಇದರಾಗ ಎಲ್ಲೈತ್ರಿ?"

ಹನುಮಂತಪ್ಪ ಬಂದು ನೋಡಿದ. ವಿಭೂತಿಯ ಕೆಳಗೆ ಎರಡು ತಾಳಿಬಟ್ಟಲು ಬೆಳ್ಳಗೆ ಕಾಣುತ್ತಿದ್ದವು. ಎರಡು ವರ್ಷದಿಂದ ತಾನು ಕೈಮುಗಿದದ್ದು ಯಾರದೋ ಪಕ್ಕೆಲುಬಿಗೆ.

"ಇದು ಆಚಾರ್ಯರ ಮನಿ ಗೋಪಿಕಾಬಾಯಾರದು, ಹೆಸರು ಅದಲಿಬದಲಿ ಆಗ್ಯಾವ್ರಿ. ಬರೆದಾಂವ ನಾನು. ಅಕಿಗೆ ಎದಿರೋಗ ಇತ್ತು. ಅಕಿ ದೆವ್ವ ಆಗಿಲ್ರಿ."

ಹನುಮಂತಪ್ಪ ಕಿಟಕಿಯ ಕೆಳಗೆ ಕೂತ. ಹೊಡೆಯಬಹುದೆಂದು ಮೈಲಾರಪ್ಪ ಕಾದ. ಹನುಮಂತಪ್ಪ ಕೇಳಿದ: "ಆ ಬಾಯಾರು ಹೆಂಗದಾರ?"

"ಚಲೋ ಅದಾರ್ರಿ."

"ನಮ್ಮಕಿಗೆ ಬರಬೇಕಾದ ಸೂಜಿ ತಿಂದು." ಎದ್ದು ಒಳಗೆ ಕೂಗಿದ. "ಶೇಖವ್ವಾ, ಸೀರಿ ಬದಲಿಸು. ಬಸ್ ಬರತೈತಿ."

ದವಾಖಾನೆಯಲ್ಲಿ ಶೇಖವ್ವ ತಾನಾಗಿಯೇ ಕರಡಿಗೆಯ ದಾರಕ್ಕೆ ಕೈ ಹಾಕಿದಳು. "ಇರಲಿ ತಂಗಿ" ಎಂದ ಮೈಲಾರಪ್ಪ. ಹೆಸರನ್ನು ಮೊದಲೇ ಬರೆದ.

ಫಿಲಂ ಬೆಳಕಿಗೆ ಹಿಡಿದ. ಕರಡಿಗೆ ತನ್ನ ಜಾಗದಲ್ಲಿತ್ತು. ಬಲಭಾಗದಲ್ಲಿ, ಮೇಲೆ, ಒಂದು ಬೂದು ಕಲೆ. ಅದು ಅವಳ ಎದೆಯೊಳಗಿನದೋ ತನ್ನ ಕಣ್ಣೊಳಗಿನದೋ? ಎಡಗಣ್ಣು ಮುಚ್ಚಿದ.

ಕಲೆ ಅಲ್ಲೇ ಇತ್ತು. ಸಣ್ಣದು, ಇನ್ನೂ ಸೂಜಿಗೆ ಸಿಗುವಂಥದ್ದು.

"ಡಾಕ್ಟರ್ರ, ಲಗೂನ ಬರ್ರಿ" ಎಂದು ಕೂಗಿದ. "ಮತ್ತೊಂದು ಮಾತು ಹೇಳೋದೈತ್ರಿ."