ಅಕ್ಕನ ಕೈಮಾತು

ನನ್ನ ಅಕ್ಕನಂಥ ಮಾತುಗಾತಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸದು, ಬಾಯಿಂದ ಮಾತು ಹೊರಡದು. ಆದರೆ ಕೈ ಎತ್ತಿದಳೆಂದರೆ ಹತ್ತು ಜನರ ಹರಟೆಯನ್ನು ಒಬ್ಬಳೇ ಹೊಡೆಯುತ್ತಾಳೆ. ಯಾರನ್ನಾದರೂ ಅಣಕಿಸಿದರೆ ನೋಡಿದವರು ಹೊಟ್ಟೆ ಹಿಡಿದುಕೊಂಡು ನಗಬೇಕು. ಬೈದರಂತೂ ಮುಗಿಯಿತು, ಬೈಸಿಕೊಂಡವರಿಗೆ ಆ ದಿನ ಊಟ ಸೇರುವುದಿಲ್ಲ.

ಇದನ್ನು ಅವಳಿಗೆ ಯಾವ ಮೇಷ್ಟರೂ ಕಲಿಸಲಿಲ್ಲ. ಕಿವುಡ ಮಕ್ಕಳ ಶಾಲೆಯಲ್ಲಿ ಮೇಷ್ಟರು ತುಟಿ ನೋಡಿ ಮಾತು ತಿಳಿಯಿರಿ ಎಂದು ಪ್ರಾಣ ತಿನ್ನುತ್ತಿದ್ದರು. ಮಕ್ಕಳು ಮಾತ್ರ ಹಾಸ್ಟೆಲಿನ ಮೊಗಸಾಲೆಯಲ್ಲಿ, ದೊಡ್ಡವರಿಂದ ಚಿಕ್ಕವರು, ತಮ್ಮ ಭಾಷೆಯನ್ನು ತಾವೇ ಕಲಿತುಕೊಂಡರು.

ನಾವಿಬ್ಬರೂ ಒಂದೇ ಮಗ್ಗದ ಶೆಡ್ಡಿನಲ್ಲಿ ದುಡಿಯುತ್ತೇವೆ. ಅವಳು ಮಗ್ಗ ನೋಡಿಕೊಳ್ಳುತ್ತಾಳೆ, ನಾನು ಬಾಬಿನ್ನಿಗೆ ನೂಲು ಸುತ್ತುತ್ತೇನೆ. ಯಂತ್ರಗಳು ಶುರುವಾದರೆ ಪಕ್ಕದವರ ಕಿವಿಯಲ್ಲಿ ಕೂಗಿದರೂ ಕೇಳಿಸದು. ಅಕ್ಕ ಈ ಮೂಲೆಯಿಂದ ಆ ಮೂಲೆಗೆ ‘ನಿನ್ನ ಎಳೆ ಕಡಿದಿದೆ, ಮಲಗಿದ್ದೀಯಾ?’ ಎಂದು ಆರಾಮಾಗಿ ಹೇಳುತ್ತಾಳೆ. ಅವಳನ್ನು ನೋಡಿ ನೋಡಿ ಶೆಡ್ಡಿಗೆ ಶೆಡ್ಡೇ ಕೈಮಾತು ಕಲಿಯಿತು. ಎಲ್ಲರಿಗೂ ಅವಳೇ ಒಂದೊಂದು ಕೈಹೆಸರು ಇಟ್ಟಿದ್ದಾಳೆ. ಮೇಸ್ತ್ರಿಯ ಹೆಸರು ಪ್ಯಾಂಟು ಮೇಲೆಳೆದುಕೊಳ್ಳುವುದು. ನನ್ನದು ಮೂಗಿನ ತುದಿ ಮುಟ್ಟುವುದು, ಸಿಟ್ಟು ಬಂದರೆ ನನ್ನ ಮೂಗು ಕೆಂಪಾಗುತ್ತದಂತೆ. ನನಗೆ ಈ ಹೆಸರು ಬೇಡ ಎಂದು ಎಷ್ಟು ಜಗಳವಾಡಿದರೂ ಅವಳು ಒಪ್ಪಲಿಲ್ಲ. ಕೈಹೆಸರನ್ನು ಬೇರೆಯವರು ಕೊಡಬೇಕು, ನಾವಾಗಿಯೇ ಇಟ್ಟುಕೊಳ್ಳುವ ಹಾಗಿಲ್ಲ.

ಒಮ್ಮೆ ಹೊಸ ಮಗ್ಗ ಕೂರಿಸಲು ಪರದೇಶದಿಂದ ಒಬ್ಬ ಕಿವುಡ ಮೆಕ್ಯಾನಿಕ್ ಬಂದಿದ್ದ. ಮೇಸ್ತ್ರಿ ಓಡಿಬಂದು ಅಕ್ಕನನ್ನು ಎಳೆದುಕೊಂಡು ಹೋದ. “ಕಿವುಡರ ಭಾಷೆ ಎಲ್ಲಾ ಕಡೆ ಒಂದೇ ಅಲ್ವಾ, ಮಾತಾಡ್ಸು!” ಇಬ್ಬರೂ ಕೈ ಆಡಿಸಿದರು, ಒಬ್ಬರದು ಒಬ್ಬರಿಗೆ ತಲೆಬುಡ ತಿಳಿಯಲಿಲ್ಲ. ಅವನ ನಾಡಿನ ಕೈಭಾಷೆಯೇ ಬೇರೆ, ಇವಳದೇ ಬೇರೆ. ಮೇಸ್ತ್ರಿಯ ಮುಖ ನೋಡಬೇಕಿತ್ತು! ಆದರೆ ಅಕ್ಕ ಬಿಡುವವಳಲ್ಲ. ಊಟದ ಹೊತ್ತಿಗೆ ಅವನ ಮಕ್ಕಳೆಷ್ಟು, ಹೆಂಡತಿ ಯಾಕೆ ಮುನಿಸಿಕೊಂಡಿದ್ದಾಳೆ ಎಂಬುದನ್ನೆಲ್ಲ ತಿಳಿದುಕೊಂಡು ಬಂದಿದ್ದಳು.

ಇಂಥವಳಿಗೆ ಮಾತು ಬರುವುದಿಲ್ಲ ಎನ್ನುತ್ತಿದ್ದದ್ದು ಅವಳ ಅತ್ತೆ.

ಅಕ್ಕನ ಮಗಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ. ನಡೆಯಲು ಕಲಿಯುವ ಮೊದಲೇ ಅದು ಕೈಯಲ್ಲಿ ಹಾಲು ಕೇಳುತ್ತಿತ್ತು, ದೀಪ ತೋರಿಸುತ್ತಿತ್ತು, ಬೇಡ ಎನ್ನುತ್ತಿತ್ತು. ಎರಡು ತುಂಬುವ ಹೊತ್ತಿಗೆ ಕೈತುಂಬ ಮಾತು. ಬಾಯಲ್ಲಿ ಮಾತ್ರ ಎರಡೋ ಮೂರೋ ಶಬ್ದ. ಅತ್ತೆಗೆ ದಿಗಿಲು ಹತ್ತಿತು. “ಅದು ಭಾಷೆ ಅಲ್ಲ ಕಣೇ, ಬರೀ ಸನ್ನೆ. ಅದೇ ರೂಢಿಯಾದ್ರೆ ಮಗು ಬಾಯೇ ಬಿಡಲ್ಲ. ಮಾತು ಬರೋವರೆಗೂ ನನ್ನ ಹತ್ರ ಇರ್ಲಿ” ಎಂದು ನನಗೆ ಹೇಳಿದರು.

ಬಸ್ಸು ಓಡಿಸುವ ನನ್ನ ಭಾವ ರಸ್ತೆಯಲ್ಲಿ ಹುಲಿ, ಅಮ್ಮನ ಮುಂದೆ ಹಸು. ಅಕ್ಕ ಕೈಯಲ್ಲಿ, ‘ನನ್ನ ಮಗಳು ಮಾತಾಡುತ್ತಿದ್ದಾಳೆ, ನಿಮಗೆ ಕಾಣುತ್ತಿಲ್ಲ ಅಷ್ಟೇ’ ಎಂದಳು. ನಾನು ಅದನ್ನು ಇನ್ನೂ ನಾಲ್ಕು ಖಾರದ ಮಾತು ಸೇರಿಸಿ ಬಾಯಲ್ಲಿ ಹೇಳಿದೆ. ಅತ್ತೆ ಕಿವಿಗೆ ಹಾಕಿಕೊಳ್ಳದೆ ಮಗುವನ್ನು ಎತ್ತಿಕೊಂಡು ತಮ್ಮ ಮನೆಗೆ ಹೋದರು.

ಆಮೇಲೆ ಅಕ್ಕನ ಕೈ ಮೂಕವಾಯಿತು. ಎಳೆ ಕಟ್ಟುವುದಕ್ಕೆ, ಲಾಳಿ ತುಂಬುವುದಕ್ಕೆ ಮಾತ್ರ ಏಳುತ್ತಿತ್ತು. ಯಾರು ಏನು ಕೇಳಿದರೂ ತಲೆಯಾಡಿಸುವಳು. ಭಾನುವಾರ ಅತ್ತೆಯ ಮನೆಗೆ ಹೋದರೆ, “ನೀನು ಬಂದ್ರೆ ಅದು ಮತ್ತೆ ಕೈ ಆಡ್ಸುತ್ತೆ” ಎಂದು ಬಾಗಿಲಿಂದಲೇ ವಾಪಸ್ಸು ಕಳಿಸುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ತಾವಾಗಿಯೇ ಶೆಡ್ಡಿನ ಬಾಗಿಲಿಗೆ ಬಂದರು. ಕಂಕುಳಲ್ಲಿ ಮಗು, ಮುಖದಲ್ಲಿ ರಕ್ತವಿಲ್ಲ. ಏನೋ ಕೂಗಿದರು, ಮಗ್ಗದ ಸದ್ದು ನುಂಗಿಹಾಕಿತು. ಇನ್ನೂ ಜೋರಾಗಿ ಕೂಗಿದರು. ಕೊನೆಗೆ ನಾನೇ ಅವರ ಬಾಯಿಗೆ ಕಿವಿ ಕೊಟ್ಟೆ.

“ಇದ್ದ ಮಾತೂ ನಿಂತುಹೋಯ್ತು ಕಣೇ! ಸುಮ್ನೆ ನನ್ನ ಮುಖಾನೇ ನೋಡುತ್ತೆ, ಕೆನ್ನೆ ತಟ್ಕೊಳ್ಳುತ್ತೆ. ಹಲ್ಲುನೋವೇನೋ ಅಂತ ಲವಂಗದೆಣ್ಣೆ ಹಚ್ಚಿದೆ. ಹಚ್ಚಿದಷ್ಟೂ ಅಳುತ್ತೆ, ಮತ್ತೂ ಕೆನ್ನೆ ತಟ್ಕೊಳ್ಳುತ್ತೆ!”

ಅಷ್ಟರಲ್ಲಿ ಮಗು ಮಗ್ಗಗಳ ಸಾಲಿನಾಚೆ ಅಮ್ಮನನ್ನು ಕಂಡಿತು. ಅದರ ಪುಟ್ಟ ಕೈಗಳು ಒಮ್ಮೆಲೇ ಎದ್ದವು. ಅಮ್ಮ, ನಾಯಿ, ಹಾಲು, ಬಿದ್ದೆ, ಅಮ್ಮ ಇಲ್ಲ, ಅಮ್ಮ ಇಲ್ಲ. ಸಾಲಿನಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬಳು ಕಣ್ಣೊರೆಸಿಕೊಂಡಳು. ಅಲ್ಲಿ ಅದರ ಮಾತು ತಿಳಿಯದೆ ನಿಂತವರು ಅತ್ತೆ ಒಬ್ಬರೇ.

“ಏನಂತಿದೆ?” ಎಂದು ನನ್ನ ಕೈ ಹಿಡಿದರು.

“ಅಜ್ಜಿ ಮನೇಲಿ ಯಾರಿಗೂ ಮಾತು ಬರಲ್ಲ ಅಂತಿದೆ” ಎಂದು ಅವರ ಕಿವಿಯಲ್ಲಿ ಕೂಗಿದೆ. ಕೂಗುವಾಗ ನನಗೆ ಖುಷಿಯೇ ಆಯಿತು.

ಅಕ್ಕ ಮಗ್ಗ ನಿಲ್ಲಿಸಿ ಬಂದು ಮಗುವನ್ನು ಎತ್ತಿಕೊಂಡಳು. ಅತ್ತೆಗೆ ಇವತ್ತು ಕಾದಿದೆ ಎಂದು ನಾನು ನೋಡುತ್ತಿದ್ದೆ. ಮಗು ಅಮ್ಮನ ಹೆಗಲ ಮೇಲಿಂದ ಅಜ್ಜಿಯತ್ತ ತಿರುಗಿ ಮತ್ತೆ ತನ್ನ ಕೆನ್ನೆಯನ್ನು ಮೆಲ್ಲಗೆ ತಟ್ಟಿಕೊಂಡಿತು. ಅಕ್ಕ ಅದನ್ನು ಕೈಯಲ್ಲೇ ಕೇಳಿದಳು, ಅದು ಕೈಯಲ್ಲೇ ಉತ್ತರ ಕೊಟ್ಟಿತು. ಅಕ್ಕನ ಮುಖದ ಬಿಗಿ ಸಡಿಲಿತು. ನನ್ನತ್ತ ನೋಡಿ, ‘ಅತ್ತೆಗೆ ಹೇಳು’ ಎಂದಳು. ಅವಳ ಜಾಗದಲ್ಲಿ ನಾನಿದ್ದರೆ ಹೇಳಿಸುತ್ತಿರಲಿಲ್ಲ. ಆದರೂ ಅತ್ತೆಯ ಕಿವಿಯಲ್ಲಿ ಮತ್ತೆ ಕೂಗಿದೆ.

“ಅತ್ತೆ, ಅದು ಹಲ್ಲುನೋವಲ್ಲ. ಮಲಗಿಸೋವಾಗ ನೀವು ಅದರ ಕೆನ್ನೆ ತಟ್ತೀರಂತಲ್ಲ, ಅದಕ್ಕೇ ನಿಮಗೆ ಆ ಹೆಸರಿಟ್ಟಿದೆ. ಇಷ್ಟು ದಿನ ನಿಮ್ಮನ್ನೇ ಕರೀತಿತ್ತು.”

ಅತ್ತೆ ಏನೋ ಅಂದರು, ಸದ್ದಿನಲ್ಲಿ ಕೇಳಿಸಲಿಲ್ಲ. ಆಮೇಲೆ ಮಗುವಿನ ಕಣ್ಣೆದುರು ಬಂದು ನಿಂತು, ಲವಂಗದೆಣ್ಣೆಯ ವಾಸನೆಯ ಕೈ ಎತ್ತಿ, ತಮ್ಮ ಕೆನ್ನೆಯನ್ನು ತಾವೇ ತಟ್ಟಿಕೊಂಡರು.