ದಿನವೂ ಹಡಗು ಡಿಕ್ಕಿ ಹೊಡೆಸುವ ಸೊಸೆ

ಆಗಷ್ಟೇ ಬೆಳಕು ಹರಿಯುತ್ತಿದೆ. ಬಂದರು ಕಚೇರಿಯ ಮೂರನೇ ಮಹಡಿಯಲ್ಲಿ ಆಕೆ ಶಾಲು ಹೊದ್ದು ಕುಳಿತಿದ್ದಾರೆ. ಎದುರಿನ ಪರದೆಯಲ್ಲಿ ಸರಕು ಹಡಗೊಂದು ತಿರುವು ದಾಟುತ್ತಿದೆ, ಅಡ್ಡಲಾಗಿ ಪ್ರಯಾಣಿಕರ ದೋಣಿ ಬರುತ್ತಿದೆ. ಎರಡೂ ಚುಕ್ಕೆಗಳು ತಾಗಿ ಕೆಂಪಾಗುತ್ತವೆ. "ಹೋಯ್ತು" ಎನ್ನುತ್ತಾ ಆಕೆ ಒಂದು ಗುಟುಕು ಚಹಾ ಕುಡಿದು, ಗಾಳಿಯ ವೇಗ ತಗ್ಗಿಸಿ ಮತ್ತೆ ಹಡಗು ಬಿಡುತ್ತಾರೆ.

ಇದು ಆಟವಲ್ಲ. ಬಂದರಿನ ಹಡಗು, ಗಾಳಿ, ನೀರಿನ ಸೆಳೆತ, ಮಂಜು ಎಲ್ಲವನ್ನೂ ಕಂಪ್ಯೂಟರಿನೊಳಗೆ ಕಟ್ಟಿ, ಅಪಾಯ ಎಲ್ಲಿದೆಯೆಂದು ಮೊದಲೇ ಹುಡುಕುವ ಕೆಲಸ. ಒಂದು ವರ್ಷದ ಸಂಚಾರ ಇವರ ಪರದೆಯಲ್ಲಿ ಮಧ್ಯಾಹ್ನದೊಳಗೆ ಮುಗಿಯುತ್ತದೆ. "ಸೊಸೆ ದಿನಾ ಹಡಗು ಡಿಕ್ಕಿ ಹೊಡೆಸ್ತಾಳೆ, ಅದಕ್ಕೂ ಸಂಬಳ ಕೊಡ್ತಾರೆ ಅಂತ ನಮ್ಮತ್ತೆ ಅಕ್ಕಪಕ್ಕದವರಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ" ಎಂದು ನಗುತ್ತಾರೆ.

ಗಣಿತ ಓದಿದ ಆಕೆಯ ಮಾತನ್ನು ಮೊದಮೊದಲು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಎರಡು ವರ್ಷದ ಹಿಂದೆ, ದೊಡ್ಡ ಹಡಗುಗಳನ್ನು ಬೆಳಗ್ಗೆಯೇ ಒಳಬಿಡುವ ಯೋಜನೆ ಬಂತು. ಕೆಲಸಕ್ಕೆ ಹೊರಟವರಿಂದ ದೋಣಿ ತುಂಬಿ ತುಳುಕುವ ಹೊತ್ತದು. ತಿರುವಿನಲ್ಲಿ ಅಪಾಯವಿದೆ ಎಂದು ಆಕೆ ಎಚ್ಚರಿಸಿದರು. ಹಡಗುಗಳಿಗೆ ದಾರಿ ತೋರುವ ಹಿರಿಯ ಪೈಲಟ್ ಒಪ್ಪಲಿಲ್ಲ. "ದಡದ ಮೇಲೆ ಕೂತು ಈಜು ಹೇಳ್ಕೊಡೋರ ಮಾತು ನಾನ್ಯಾಕೆ ಕೇಳ್ಲಿ?" ಎಂದುಬಿಟ್ಟರು.

ಆ ಮಾತು ಚುಚ್ಚಿತು. ಆದರೂ ಮರುದಿನ ಆಕೆ ಅವರ ಜೊತೆಗೇ, ಪೈಲಟ್‌ಗಳನ್ನು ಹಡಗಿಗೆ ಮುಟ್ಟಿಸುವ ದೋಣಿ ಹತ್ತಿದರು. ವಾಂತಿಯಾಯಿತು. ಪೈಲಟ್ ನೀರಿನ ಬಾಟಲಿ ಕೊಟ್ಟರು. ತಮ್ಮ ಲೆಕ್ಕದ ಕೊರತೆಯೂ ಆಕೆಗೆ ಅಲ್ಲೇ ಕಂಡಿತು: ಹಡಗು ಕಂಡರೆ ಪ್ರಯಾಣಿಕರ ದೋಣಿಯವರು ನಿಂತು ಕಾಯುತ್ತಾರೆ, ಪರದೆಯ ದೋಣಿ ಮಾತ್ರ ಮೂಗಿನ ನೇರಕ್ಕೆ ನುಗ್ಗುತ್ತಿತ್ತು. ತಿದ್ದಿ ಓಡಿಸಿದಾಗ ಡಿಕ್ಕಿಗಳು ಬಹುಪಾಲು ಮಾಯವಾದವು, ಮಂಜಿನ ದಿನಗಳನ್ನು ಬಿಟ್ಟು. ಪೈಲಟ್ ಬಂದು ಮಂಜಿನ ದಿನಗಳನ್ನು ಪರದೆಯಲ್ಲಿ ಮತ್ತೆ ಮತ್ತೆ ಓಡಿಸಿ ನೋಡಿದರು. ಕೊನೆಗೆ, "ಮಂಜಿದ್ರೆ ಹಡಗು ಹೊರಗೇ ಕಾಯ್ಲಿ ಬಿಡಮ್ಮ. ಮೇಲಿನವರಿಗೆ ನಾನೇ ಹೇಳ್ತೀನಿ" ಎಂದರು.

ಈಗ ಅದೇ ನಿಯಮ. ಕಳೆದ ಚಳಿಗಾಲದಲ್ಲಿ, ಕಣ್ಣಿಗೆ ಕೈ ಕಾಣದ ಮಂಜಿನ ಬೆಳಗ್ಗೆ, ದೋಣಿಯ ಎಂಜಿನ್ ತಿರುವಿನ ನಟ್ಟನಡುವೆ ಕೆಟ್ಟು ನಿಂತಿತು. ತುಂಬಿದ ದೋಣಿಯಲ್ಲಿ ಆಕೆಯ ಗಂಡನೂ ಇದ್ದರು. ಒಳಬರಬೇಕಿದ್ದ ಹಡಗು ದೂರದಲ್ಲಿ ಲಂಗರು ಹಾಕಿ ಕಾಯುತ್ತಿತ್ತು. ಇನ್ನೊಂದು ದೋಣಿ ಬಂದು ಇದನ್ನು ದಡಕ್ಕೆ ಎಳೆದು ತಂದಿತು. ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಸಂಜೆ ಗಂಡ ಮನೆಗೆ ಬಂದವರೇ, ಕೆಲಸಕ್ಕೆ ತಡವಾಗಿ ಬೈಸಿಕೊಂಡೆನೆಂದು ಊಟ ಮುಗಿಯುವತನಕ ಗೊಣಗಿದರಂತೆ.

"ನೀವೇನಂದ್ರಿ?" ಎಂದು ಕೇಳುತ್ತೇನೆ.

"ಇನ್ನಷ್ಟು ಅನ್ನ ಬಡಿಸ್ದೆ. ಗೊಣಗೋಕೆ ಮನೆಗೆ ಬಂದ್ರಲ್ಲ, ಅಷ್ಟು ಸಾಕು ಅನ್ನಿಸ್ತು."